ಒಂದು ಟೋಕನ್ನಿಗೆ ಇಬ್ಬರು

ಹೊಸ ಕಂಪ್ಯೂಟರಿನ ಪ್ರಕಾರ ನಮ್ಮಲ್ಲಿ ನಲವತ್ತೊಂದು ಹೆಂಗಸರು ಕೆಲಸಕ್ಕೆ ಸೇರುವುದಕ್ಕೆ ಎರಡು ಮೂರು ವರ್ಷ ಮುಂಚಿನಿಂದಲೇ ಸಂಬಳ ತಗೊಂಡಿದ್ದರು. ಅದನ್ನು ಕಂಡುಹಿಡಿದ ಸಾಫ್ಟ್‌ವೇರ್ ಮೇಡಂ, "ಸರ್, ಇದು ಹೇಗೆ ಸಾಧ್ಯ?" ಅಂತ ನನ್ನ ಕಡೆ ತಿರುಗಿದರು. "ಏನೋ ಟೈಪ್ ಮಾಡೋವಾಗ ತಪ್ಪಾಗಿರಬೇಕು ಮೇಡಂ" ಅಂದೆ. ಅದು ಸುಳ್ಳು. ಹೇಗೆ ಸಾಧ್ಯ ಅಂತ ಇಡೀ ಕಂಪನಿಯಲ್ಲಿ ಪೂರ್ತಿ ಗೊತ್ತಿದ್ದವನು ನಾನೊಬ್ಬನೇ, ಯಾಕೆಂದರೆ ಅದನ್ನು ಮಾಡಿದವನೇ ನಾನು.

ಅಲ್ಲಿಗೆ ಬರುವ ಮುಂಚೆ ಪಟ್ಟ ಪಾಡನ್ನೂ ಹೇಳಬೇಕು.

ಕೋಲಾರ ಜಿಲ್ಲೆ ಒಡೆದು ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದ ವರ್ಷ ಅದು. ನಮ್ಮದು ಶರ್ಟು ಹೊಲಿಯುವ ಗಾರ್ಮೆಂಟ್ಸ್ ಕಂಪನಿ. ದೊಡ್ಡ ಯೂನಿಟ್ಟು ಗೌರಿಬಿದನೂರಿನಲ್ಲಿ, ಸಣ್ಣವು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯಲ್ಲಿ. ನಾನು ಗೌರಿಬಿದನೂರಿನ ಟೈಮ್ ಆಫೀಸಿನವನು. ಗೇಟಿನ ಪಕ್ಕದ ಕಿಟಕಿಯಲ್ಲಿ ಕೂತು ಯಾರು ಬಂದರು, ಯಾರು ಬರಲಿಲ್ಲ ಅಂತ ಹಾಜರಿ ನೋಡುವ ಕೆಲಸ. ನಾಲ್ಕೂ ಯೂನಿಟ್ಟಿನ ಹಾಜರಿ ಕೊನೆಗೆ ನನ್ನ ಟೇಬಲ್ಲಿಗೇ ಬರುತ್ತಿತ್ತು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಆದರೆ ಹೆಸರು ಹೇಳಿದರೆ ಟೋಕನ್ ನಂಬರು ಹೇಳುತ್ತಿದ್ದೆ, ನಂಬರು ಹೇಳಿದರೆ ಊರು ಹೇಳುತ್ತಿದ್ದೆ. ಡಿಗ್ರಿ ಮಾಡಿದವರು ನನ್ನ ಕಿಟಕಿಗೆ ಬಂದು ಕೇಳಿಕೊಂಡು ಹೋಗುತ್ತಿದ್ದರು. ಹೆಂಗಸರೆಲ್ಲ ನನ್ನನ್ನು ಟೈಮಣ್ಣ ಅನ್ನೋರು.

ಕಂಪನಿಯಲ್ಲಿ ಆಗ ಎರಡು ಕಂಪ್ಯೂಟರ್ ಲೆಕ್ಕ ನಡೆಯುತ್ತಿತ್ತು. ಒಂದು ಸಂಬಳದ್ದು. ಕಪ್ಪು ಪರದೆ, ಬಿಳಿ ಅಕ್ಷರ, ಯಾರೋ ಪುಣ್ಯಾತ್ಮ ಹತ್ತು ವರ್ಷದ ಹಿಂದೆ ಬರೆದುಕೊಟ್ಟ ಪ್ರೋಗ್ರಾಂ. ನಂಬರಿಗೊಂದು ಹೆಸರು, ಸೇರಿದ ತಾರೀಖು ಇದ್ದರೂ ಅದಕ್ಕೆ ಮನುಷ್ಯರು ಗೊತ್ತಿಲ್ಲ, ಟೋಕನ್ ನಂಬರು ಮಾತ್ರ ಗೊತ್ತು. ತಿಂಗಳ ಕೊನೆಗೆ ನಾನು ಫ್ಲಾಪಿಯಲ್ಲಿ ಹಾಜರಿ ತುಂಬಿಕೊಂಡು, ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿ ಬೆಂಗಳೂರಿನ ಹೆಡ್ಡಾಫೀಸಿಗೆ ಕೊಟ್ಟು ಬರುತ್ತಿದ್ದೆ. ಇನ್ನೊಂದು ಎಚ್.ಆರ್.ನವರದ್ದು, ಹೊಸದು. ಅದರಲ್ಲಿ ಒಬ್ಬೊಬ್ಬರ ಫೋಟೋ, ಸೇರಿದ ತಾರೀಖು, ಗಂಡನ ಹೆಸರು, ರಕ್ತದ ಗುಂಪು ಎಲ್ಲ ಇತ್ತು. ಅದಕ್ಕೆ ಮನುಷ್ಯರು ಗೊತ್ತು, ಸಂಬಳ ಗೊತ್ತಿಲ್ಲ. ಒಂದರಲ್ಲಿ ಕೆಲಸ ಬಿಟ್ಟುಹೋದವಳಿಗೆ ಇನ್ನೊಂದರಲ್ಲಿ ಸಂಬಳದ ಚೀಟಿ ತಯಾರಾಗುತ್ತಿತ್ತು. ಎರಡನ್ನೂ ಕೂಡಿಸಿ ಒಂದೇ ಮಾಡಬೇಕು ಅಂತ ಹೆಡ್ಡಾಫೀಸಿನವರು ತೀರ್ಮಾನ ಮಾಡಿದರು. ಬೆಂಗಳೂರಿನಿಂದ ಎಚ್.ಆರ್. ಮ್ಯಾನೇಜರ್ ಬಂದರು. ಸಾಫ್ಟ್‌ವೇರ್ ಮಾರಿದ ಕಂಪನಿಯ ಕಡೆಯಿಂದ ಇಪ್ಪತ್ತೈದು ಇಪ್ಪತ್ತಾರು ವಯಸ್ಸಿನ ಒಬ್ಬ ಮೇಡಂ ಬಂದರು. ನನ್ನ ಟೇಬಲ್ಲಿನ ಅರ್ಧ ಅವರ ಪಾಲಾಯಿತು.

"ಒಂದು ವಾರದ ಕೆಲಸ" ಅಂದರು ಮ್ಯಾನೇಜರ್. ಆ ಮಾತು ಕೇಳಿದಾಗಲೇ ನನಗೆ ಅನುಮಾನ ಬಂದಿತ್ತು.

ಮೊದಲನೇ ಸಲ ಟೋಕನ್ ನಂಬರು ಹಿಡಿದು ಕೂಡಿಸಿದರು. ಶಿಡ್ಲಘಟ್ಟದ ಕ್ಯಾಂಟೀನ್ ಹೆಂಗಸಿಗೆ ಚಿಂತಾಮಣಿಯ ಕಟಿಂಗ್ ಮಾಸ್ಟರ ಸಂಬಳ ಬಂತು. ಕಟಿಂಗ್ ಮಾಸ್ಟರಿಗೆ ಹೆರಿಗೆ ರಜೆ ಬಂತು. ಕಾಗದದ ಮೇಲೆಯೇ ಆದ್ದರಿಂದ ಬಚಾವಾದೆವು. ಕಾರಣ ಏನೆಂದರೆ ನಾಲ್ಕೂ ಯೂನಿಟ್ಟಿನಲ್ಲಿ ನಂಬರು ಒಂದರಿಂದಲೇ ಶುರು. ಐವತ್ತನೇ ನಂಬರಿನವರು ನಾಲ್ಕು ಜನ ಇದ್ದಾರೆ. ಇದನ್ನು ನಾನು ಮೊದಲ ದಿನವೇ ಹೇಳಿದ್ದೆ. "ನಂಬರಿನ ಮುಂದೆ ಊರಿನ ಇಂಗ್ಲಿಷ್ ಅಕ್ಷರ ಸೇರಿಸಿದ್ರಾಯ್ತು" ಅಂದರು ಮೇಡಂ. ಸೇರಿಸಿದರು. ಚಿಕ್ಕಬಳ್ಳಾಪುರಕ್ಕೂ ಚಿಂತಾಮಣಿಗೂ ಒಂದೇ ಅಕ್ಷರ ಬಂತು. ಎರಡಕ್ಷರ ಮಾಡಿದರು, ಆಗಲೂ ಒಂದೇ. ಮೂರು ಮಾಡಿದರು, ಆಗಲೂ ಒಂದೇ. ಮೂರು ದಿನ ಹೋಯಿತು.

"ರೀ, ನಿಮ್ಮೂರುಗಳಿಗೆ ಬೇರೆ ಹೆಸರು ಸಿಗಲಿಲ್ವೇನ್ರೀ?" ಅಂತ ಮ್ಯಾನೇಜರ್ ನನ್ನ ಮೇಲೆ ರೇಗಿದರು, ಊರಿಗೆ ಹೆಸರಿಟ್ಟವನು ನಾನೇ ಅನ್ನೋ ಹಾಗೆ.

"ಸಾರ್, ಗೌರಿಬಿದನೂರು ಒಂದು, ಚಿಕ್ಕಬಳ್ಳಾಪುರ ಎರಡು, ಶಿಡ್ಲಘಟ್ಟ ಮೂರು, ಚಿಂತಾಮಣಿ ನಾಲ್ಕು. ಬಸ್ಸು ಹೋಗೋ ದಾರಿ ಪ್ರಕಾರ ನಂಬರ್ ಕೊಟ್ಬಿಡಿ" ಅಂದೆ. ಹತ್ತು ನಿಮಿಷದಲ್ಲಿ ಮುಗಿಯಿತು. ಥ್ಯಾಂಕ್ಸು ಅಂದದ್ದು ಮೇಡಂ ಮಾತ್ರ.

ಎರಡನೇ ಸಲ ಕೂಡಿಸುವಾಗ ಮೇಡಂ ಒಂದು ಜಾಸ್ತಿ ಎಚ್ಚರಿಕೆ ಇಟ್ಟರು: ನಂಬರಿನ ಜೊತೆಗೆ ಸೇರಿದ ತಾರೀಖೂ ಎರಡು ಕಡೆ ಒಂದೇ ಇರಬೇಕು. ಆಗಲೇ ಆ ನಲವತ್ತೊಂದು ಹೆಸರು ಆಚೆಗೆ ಬಿದ್ದದ್ದು.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ನಮ್ಮ ಕಡೆ ಹಳ್ಳಿಯಿಂದ ಒಬ್ಬಳು ಗಾರ್ಮೆಂಟ್ಸಿಗೆ ಸೇರಿದಳು ಅಂದರೆ ಆ ಸೀಟು ಅವಳದ್ದು ಅಂತ ಯಾರೂ ಅಂದುಕೊಳ್ಳುವುದಿಲ್ಲ. ಅದು ಮನೆಯ ಸೀಟು. ಅವಳು ಹೆರಿಗೆಗೆ ಹೋದಳು ಅಂದರೆ ತಂಗಿಯನ್ನೋ, ನಾದಿನಿಯನ್ನೋ, ವಾರಗಿತ್ತಿಯನ್ನೋ ಕರೆದುಕೊಂಡು ಬಂದು ಕಿಟಕಿ ಮುಂದೆ ನಿಲ್ಲಿಸಿ, "ಟೈಮಣ್ಣಾ, ನನ್ನ ಬದ್ಲು ಇವಳು ಕೂತ್ಕೋತಾಳೆ" ಅನ್ನೋಳು. ಮೆಷಿನ್ ಖಾಲಿ ಇರಬಾರದು, ಅಷ್ಟೇ ಹೊಲಿಗೆ ಲೈನಿನವರಿಗೆ ಬೇಕಾದ್ದು. ಹೊಸಬಳಿಗೆ ಹೊಸ ನಂಬರು ಮಾಡಿಸೋಣ ಅಂದರೆ ಹೆಡ್ಡಾಫೀಸಿನಲ್ಲಿ ಮೂರು ವಾರ ಹಿಡಿಯುತ್ತಿತ್ತು, ಅಲ್ಲಿಯವರೆಗೆ ಅವಳಿಗೆ ಸಂಬಳವಿಲ್ಲ. ಹಳೇ ಟೋಕನ್ನೇ ಕೈಗೆ ಕೊಡುತ್ತಿದ್ದೆ. ಸಂಬಳ ಕವರಿನಲ್ಲಿ ಬರುತ್ತಿತ್ತು, ಟೋಕನ್ ತೋರಿಸಿದವರಿಗೆ ಕೊಡುವುದು. ಮೂರು ತಿಂಗಳಿಗೆ ಅಂತ ಬಂದ ಎಷ್ಟೋ ಜನ ಹಾಗೇ ಉಳಿದುಕೊಂಡರು. ಸಂಬಳದ ಪ್ರೋಗ್ರಾಮಿನಲ್ಲಿ ಅಕ್ಕನ ಹೆಸರು, ಮೆಷಿನ್ ಮೇಲೆ ತಂಗಿ. ಎಚ್.ಆರ್.ನವರು ಫೋಟೋ ತೆಗೆಯಲು ಬಂದಾಗ ಮೆಷಿನ್ ಮೇಲೆ ಕೂತವರನ್ನೇ ತೆಗೆದುಕೊಂಡು ಹೋದರು. ಯಾವಾಗ ಸೇರಿದೆ ಅಂತ ಕೇಳಿದ್ದಕ್ಕೆ ಇವರೂ ಇದ್ದದ್ದನ್ನೇ ಹೇಳಿದರು.

ಇದು ತಪ್ಪು ಅಂತ ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಯಾರಿಗೂ ಅನ್ಯಾಯ ಆಗಿಲ್ಲವಲ್ಲ ಅಂತ ಸುಮ್ಮನಿದ್ದೆ.

ನಾನು ಬಾಯಿ ಬಿಡಲಿಲ್ಲವಾದ್ದರಿಂದ ಮೇಡಂ ತಮಗೆ ತೋಚಿದ ದಾರಿ ಹಿಡಿದರು. ತಾರೀಖು, ಹೆಸರು ಎರಡೆರಡಿದ್ದರೆ ಹಳೆಯದೇ ನಿಜ. ಆ ಹಳೇ ಹೆಸರೇ ನಿಲ್ಲಲಿ. ಶನಿವಾರ ಸಂಜೆ ಐದಕ್ಕೆ ಕಂಪ್ಯೂಟರಿನ ಲೆಕ್ಕಕ್ಕೆಲ್ಲ ಬೀಗ, ಆಮೇಲೆ ಹಿಂದಿನದನ್ನು ಯಾರೂ ಮುಟ್ಟುವ ಹಾಗಿಲ್ಲ. ಮ್ಯಾನೇಜರ್ ಒಪ್ಪಿದರು. ನಾನೂ ತಲೆಯಾಡಿಸಿದೆ. ಬೀಗ ಬಿದ್ದರೆ ನನ್ನ ತಪ್ಪೂ ಒಳಗೇ ಉಳಿಯುತ್ತದೆ ಅಂತ ಒಳಗೊಳಗೇ ಸಮಾಧಾನ ಬೇರೆ.

ಮಂಗಳವಾರ ಊಟದ ಹೊತ್ತಿಗೆ ಕಾಲರ್ ಲೈನಿನ ಸೂಪರ್‌ವೈಸರಮ್ಮ ಕಿಟಕಿಗೆ ಬಂದಳು. ನನಗಿಂತ ಹಳಬಳು, ಬಾಯಿ ಜೋರು. ಅವಳ ಹಿಂದೆ ಅಲೀಪುರದ ಪಕ್ಕದ ಹಳ್ಳಿಯ ಟೈಲರ್ ಹೆಂಗಸು, ಟೋಕನ್ ಮುನ್ನೂರ ಹದಿನೆಂಟು. ಏಳು ತಿಂಗಳ ಬಸುರಿ. ಇವಳು ಬದಲಿಗೆ ಬಂದದ್ದು ಗಂಡನ ಅಣ್ಣನ ಹೆಂಡತಿಯ ಸೀಟಿಗೆ. ಆ ವಾರಗಿತ್ತಿ ಹೆರಿಗೆಗೆ ಅಂತ ಹೋದವಳು ಮಗುವಿಗೆ ಹುಷಾರು ತಪ್ಪಿ ಮನೆಯಲ್ಲೇ ಉಳಿದಿದ್ದಳು.

"ಏಮಯ್ಯಾ ಟೈಮಣ್ಣಾ, ಇವಳ ಹೆರಿಗೆ ರಜೆ ಫಾರಂ ಕೊಡಯ್ಯಾ" ಅಂದಳು ಸೂಪರ್‌ವೈಸರಮ್ಮ. "ವಿಮೆ ಕಚೇರೀಲಿ ಕಂಪನಿ ಫಾರಂ ತಗೊಂಡ್ಬಾ ಅಂದವ್ರೆ. ಕೆಲಸ ಮಾಡಿರೋ ದಿನ ಎಲ್ಲ ಅದರಲ್ಲಿ ಇರ್ಬೇಕಂತೆ."

"ಇವಳ ಹೆಸರಲ್ಲಿ ದಿನವೇ ಇಲ್ಲವಲ್ಲಮ್ಮ. ಎಲ್ಲ ಅಕ್ಕನ ಹೆಸರಲ್ಲಿದೆ."

"ಅಕ್ಕನ ಹೆಸರಲ್ಲೇ ಕೊಡಿ ಅಣ್ಣಾ" ಅಂದಳು ಬಸುರಿ. "ಜ್ವರಕ್ಕೆ ಮಾತ್ರೆ ಅವಳ ವಿಮೆ ಕಾರ್ಡಲ್ಲೇ ತಗೊಳ್ತಿದ್ದೆ."

"ಹುಚ್ಚೀ, ಜ್ವರ ಬೇರೆ, ಹೆರಿಗೆ ಬೇರೆ" ಅಂತ ಸೂಪರ್‌ವೈಸರಮ್ಮ ಗದರಿದಳು. "ಹೆರೋದು ನೀನು, ಹೆಸರು ಅವಳದಾ? ನಾಳೆ ಮಗು ಯಾರದು ಅಂತ ಬರೀತಾರೆ?" ಆಮೇಲೆ ನನ್ನ ಕಡೆ ತಿರುಗಿ, "ಟೋಕನ್ ಕೊಟ್ಟಿದ್ದು ನೀನು. ನೀನೇ ದಾರಿ ಮಾಡ್ಬೇಕು" ಅಂದಳು.

"ಎಷ್ಟು ದಿನ ಕೆಲಸ ಮಾಡಿದೀಯಮ್ಮ?" ಅಂತ ಕೇಳಿದೆ, ಏನಾದರೂ ಕೇಳಬೇಕಲ್ಲ ಅಂತ.

"ಒಂದೂವರೆ ವರ್ಷದ ಮೇಲಾಯ್ತು ಅಣ್ಣಾ. ಒಂದು ದಿನಾನೂ ಲೇಟಾಗಿ ಬಂದಿಲ್ಲ, ನೀವೇ ನೋಡಿದೀರಿ." ನೋಡಿದ್ದೆ. ಅದೇ ಸಂಕಟ. ಶನಿವಾರ ಬೀಗ ಬಿದ್ದರೆ ಅವಳು ಇಲ್ಲಿ ಒಂದು ದಿನವೂ ಕೆಲಸ ಮಾಡಿದವಳಲ್ಲ. ಹೆರಿಗೆ ರಜೆಯ ಹನ್ನೆರಡು ವಾರವೂ ಇಲ್ಲ, ವಾಪಸು ಬಂದರೆ ಕೂರಲು ಹೆಸರೂ ಇಲ್ಲ.

ಊಟದ ಡಬ್ಬಿ ಮುಚ್ಚಿಟ್ಟು ಸೀದಾ ಮ್ಯಾನೇಜರ್ ಛೇಂಬರಿಗೆ ಹೋದೆ. ಮೇಡಂ ಅಲ್ಲೇ ಇದ್ದರು. ನಿಂತುಕೊಂಡೇ ಎಲ್ಲ ಹೇಳಿದೆ.

ಮ್ಯಾನೇಜರ್ ಮುಖ ಮೊದಲು ಕೆಂಪಾಯಿತು, ಆಮೇಲೆ ಬೆಳ್ಳಗಾಯಿತು. "ಲೇಬರ್ ಇನ್‌ಸ್ಪೆಕ್ಟರ್‌ಗೆ ಗೊತ್ತಾದ್ರೆ ಏನಾಗುತ್ತೆ ಗೊತ್ತೇನ್ರೀ? ಇಷ್ಟು ದಿನ ಏನು ಮಾಡ್ತಿದ್ರಿ ನೀವು?"

"ಮೆಷಿನ್ ನಿಲ್ಲದ ಹಾಗೆ ನೋಡ್ಕೊಳ್ತಿದ್ದೆ ಸಾರ್."

"ಎದುರು ಮಾತಾಡ್ಬೇಡಿ." ಎರಡು ಸಲ ಛೇಂಬರಿನಲ್ಲಿ ಆಚೆ ಈಚೆ ಓಡಾಡಿದರು. "ಸಿಂಪಲ್. ನಲವತ್ತೊಂದೂ ಜನ ಇವತ್ತು ರಾಜೀನಾಮೆ, ನಾಳೆ ಹೊಸದಾಗಿ ಸೇರೋದು. ಕ್ಲೀನ್."

"ಸಾರ್, ಆ ಬಸುರಿ ಹೆಂಗಸಿಗೆ ನಾಳೆಯಿಂದ ಎಪ್ಪತ್ತು ದಿನ ತುಂಬೋದ್ರಲ್ಲಿ ಹೆರಿಗೆ ಆಗಿ ಮಗು ಮಗ್ಗಲು ಮಗುಚ್ತಿರುತ್ತೆ. ಆ ಎಪ್ಪತ್ತು ದಿನ ಇಲ್ಲದೇ ರಜೆ ಇಲ್ಲ ಅಂತ ನೀವೇ ಬೋರ್ಡಿನ ಮೇಲೆ ಅಂಟಿಸಿದ್ದೀರಿ."

"ಒಬ್ಬಳಿಗೋಸ್ಕರ ನಾನು ಇಡೀ ಸಿಸ್ಟಮ್ ನಿಲ್ಲಿಸ್ಲಾ?"

ನನಗೂ ಸಿಟ್ಟು ಬಂತು. "ನಿಲ್ಲಿಸಬೇಡಿ ಸಾರ್. ಸರಿ ಮಾಡಿ. ಎರಡು ಒಂದಾಗಬೇಕು ಅಂದವರು ನೀವೇ."

ಆಗ ಮೇಡಂ ಮೆಲ್ಲಗೆ ಬಾಯಿ ಬಿಟ್ಟರು. ಅವರ ಸಾಫ್ಟ್‌ವೇರಿನಲ್ಲಿ "ಯಾವಾಗಿನಿಂದ", "ಯಾವಾಗಿನವರೆಗೆ" ಅಂತ ಎರಡು ಕಾಲಂ ಇವೆಯಂತೆ. ಯಾವ ಕಂಪನಿಯವರೂ ಅದನ್ನು ತುಂಬಿಸುವುದಿಲ್ಲವಂತೆ. ತುಂಬಿಸಿದರೆ ಒಂದೇ ಟೋಕನ್ನಿನಲ್ಲಿ ಅಕ್ಕ ಎಲ್ಲಿಯವರೆಗೆ, ತಂಗಿ ಎಲ್ಲಿಂದ ಅಂತ ಬೇರೆ ಬೇರೆ ಮಾಡಬಹುದಂತೆ. "ಆದ್ರೆ ಪ್ರತಿಯೊಬ್ಬರಿಗೂ ತಾರೀಖು ಬೇಕು ಸರ್. ಪ್ರೂಫ್ ಸಮೇತ. ಇದೆಯಾ?"

ಇತ್ತು. ಕೈಗಡಿಯಾರದಷ್ಟೇ ನಂಬಿದ್ದ ಒಂದು ಅಭ್ಯಾಸ ನನಗಿತ್ತು. ಬದಲಿ ಬಂದ ತಿಂಗಳ ಹಾಜರಿಯ ಪಂಚ್ ಕಾರ್ಡಿನ ಬೆನ್ನಿಗೆ ಪೆನ್ಸಿಲಿನಲ್ಲಿ ಬಂದವಳ ಹೆಸರು, ತಾರೀಖು, ಯಾರ ಕಡೆಯವಳು ಅಂತ ಬರೆದಿಡುತ್ತಿದ್ದೆ. ಬೇರೆ ಯೂನಿಟ್ಟಿನ ಟೈಮ್ ಕೀಪರ್‌ಗಳಿಗೂ ಹಾಗೇ ಹೇಳಿಕೊಟ್ಟಿದ್ದೆ. ಹಳೇ ಕಾರ್ಡುಗಳೆಲ್ಲ ಮೂಟೆ ಕಟ್ಟಿ ಗೋಡೌನಿನಲ್ಲಿ ಬಿದ್ದಿದ್ದವು.

ಮ್ಯಾನೇಜರ್ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು. "ಶನಿವಾರ ಐದು ಗಂಟೆ. ಒಂದು ನಿಮಿಷ ಜಾಸ್ತಿ ಇಲ್ಲ. ಪ್ರತಿ ಹಾಳೆ ಮೇಲೂ ನಿಮ್ಮದೇ ಸೈನು, ನಿಮ್ಮದೇ ಜವಾಬ್ದಾರಿ. ನಾಳೆ ಯಾರಾದ್ರೂ ಕೇಳಿದ್ರೆ ಕಂಪನಿಗೆ ಗೊತ್ತಿಲ್ಲ."

"ಆಯ್ತು ಸಾರ್" ಅಂದೆ. ಕೆಲಸ ಹೋದರೆ ಹೋಗಲಿ ಅನ್ನುವ ಧೈರ್ಯ ಏನಿರಲಿಲ್ಲ. ಹೇಳಿಯಾಗಿತ್ತು, ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ.

ಬುಧವಾರ ಇಡೀ ದಿನ ಗೌರಿಬಿದನೂರಿನ ಗೋಡೌನು. ಮೂಟೆಗಳ ಮೇಲೆ ತಿಂಗಳು ಬರೆದಿದ್ದೆ, ಆದರೆ ಯಾರೋ ಅದರ ಮೇಲೆ ಬಟ್ಟೆ ತುಂಡಿನ ಗಂಟು ಪೇರಿಸಿ, ಕೆಳಗಿನದು ಮೇಲೆ ಮೇಲಿನದು ಕೆಳಗೆ ಮಾಡಿದ್ದರು. ಮೂರು ಮೂಟೆಯ ತಳಕ್ಕೆ ಗೆದ್ದಲು. ಕಾರ್ಡು ಒಂದೊಂದೇ ತಿರುಗಿಸಬೇಕು, ಬೆನ್ನು ನೋಡಬೇಕು. ಸೂಪರ್‌ವೈಸರಮ್ಮ ಟೀ ಬಿಡುವಿನಲ್ಲಿ ಬಂದು ನಾಲ್ಕು ಕಾರ್ಡು ತಿರುಗಿಸಿ, "ಇಷ್ಟು ಸಣ್ಣಕ್ಕೆ ಯಾಕಯ್ಯಾ ಬರೀತಿದ್ದೆ? ಪೆನ್ಸಿಲ್ ಏನು ನಿಮ್ಮಪ್ಪನ ಮನೆದಾ?" ಅಂತ ಬೈದು ಹೋದಳು. ಸಂಜೆ ಹೊತ್ತಿಗೆ ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ಸಿಕ್ಕವು. ಮುನ್ನೂರ ಹದಿನೆಂಟರ ಕಾರ್ಡಿನ ಒಂದು ಮೂಲೆ ಗೆದ್ದಲು ತಿಂದಿತ್ತು. ತಾರೀಖು ಉಳಿದಿತ್ತು.

ಗುರುವಾರ ಮೊದಲ ಬಸ್ಸಿಗೆ ಚಿಕ್ಕಬಳ್ಳಾಪುರ. ಅಲ್ಲಿ ಆರು. ಅಲ್ಲಿಯ ಟೈಮ್ ಕೀಪರ್ ನನಗಿಂತ ಅಚ್ಚುಕಟ್ಟು, ಕಾರ್ಡುಗಳನ್ನು ರಬ್ಬರ್ ಬ್ಯಾಂಡು ಹಾಕಿ ಇಟ್ಟಿದ್ದ. ಹನ್ನೊಂದು ಗಂಟೆಗೆ ಮುಗಿಸಿ ಶಿಡ್ಲಘಟ್ಟಕ್ಕೆ ಹೋದೆ.

ಶಿಡ್ಲಘಟ್ಟದಲ್ಲಿ ಮೂಟೆಯೇ ಇರಲಿಲ್ಲ. "ಅಣ್ಣಾ, ಹೋದ ತಿಂಗಳು ಗೋಡೌನು ಕ್ಲೀನ್ ಮಾಡಿ ಅಂತ ಆರ್ಡರ್ ಬಂತಲ್ಲ, ರದ್ದಿಗೆ ಹಾಕ್ಬಿಟ್ವಿ" ಅಂದ ಅಲ್ಲಿಯವನು. ರದ್ದಿ ಅಂಗಡಿ ಹುಡುಕಿಕೊಂಡು ಹೋದೆ. ಅಂಗಡಿಯವನು ನಕ್ಕ: "ಅದು ಆಗಲೇ ಕಾರ್ಖಾನೆಗೆ ಹೋಗಿ ನೀರಲ್ಲಿ ನೆನೆದು ರಟ್ಟಾಗಿರುತ್ತೆ ಸಾಮಿ." ಅಲ್ಲಿ ಒಂಬತ್ತು ಹೆಂಗಸರಿದ್ದರು. ಯಾವತ್ತು ಬಂದಿರಿ ಅಂತ ಕೇಳಿದರೆ ಒಬ್ಬಳು ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟಿದ ವಾರ ಅಂದಳು, ಒಬ್ಬಳು ತನ್ನ ಮಾವ ಸತ್ತ ಹನ್ನೊಂದರ ಮಾರನೇ ದಿನ ಅಂದಳು. ಸತ್ಯವೇ ಹೇಳುತ್ತಿದ್ದರು. ಆದರೆ ಕಾಲಂನಲ್ಲಿ ಏನಂತ ತುಂಬಿಸಲಿ? ಫೋನ್ ಮಾಡಿದೆ. ಪ್ರೂಫ್ ಇಲ್ಲದಿದ್ದರೆ ಹೊಸದಾಗಿ ಸೇರಿಸಿ ಅಂದರು ಮ್ಯಾನೇಜರ್. ಆ ಒಂಬತ್ತೂ ಜನರಿಗೆ ನಾನೇ ಹೇಳಬೇಕಾಯಿತು. ಒಬ್ಬಳು ಎದ್ದು ತನ್ನ ಮೆಷಿನ್ನಿಗೆ ವಾಪಸು ಹೋದಳು. ಇನ್ನೊಬ್ಬಳು "ಗೌರಿಬಿದನೂರವರಿಗೆ ಒಂದು ನ್ಯಾಯ, ನಮಗೊಂದಾ?" ಅಂದಳು.

ಶುಕ್ರವಾರ ಚಿಂತಾಮಣಿ. ಏಳೂ ಸಿಕ್ಕವು. ಶನಿವಾರ ಬೆಳಗ್ಗೆಯಿಂದ ನಾನು ಓದುವುದು, ಮೇಡಂ ತುಂಬಿಸುವುದು. ಮಧ್ಯೆ ಎರಡು ಸಲ ಕರೆಂಟು ಹೋಯಿತು. ಒಂದು ಸಲ ಯು.ಪಿ.ಎಸ್. ಕೂಡ ಕೂಗಿ ಸತ್ತುಹೋಯಿತು, ಹನ್ನೆರಡು ಹೆಸರು ಮತ್ತೆ ತುಂಬಿಸಬೇಕಾಯಿತು. ಮೂವತ್ತೆರಡು ಹಾಳೆಗೂ ಸೈನು ಹಾಕಿದೆ. ಸಂಬಳ, ಫೋಟೋ, ಹೆಸರು, ಹಾಜರಿ ನಾಲ್ಕೂ ಮೊದಲ ಸಲ ಒಂದೇ ಪರದೆ ಮೇಲೆ ಒಂದೇ ಮನುಷ್ಯರದ್ದಾಗಿ ಬಂತು. ಗಡಿಯಾರ ನಾಲ್ಕೂ ಐವತ್ತು ತೋರಿಸುತ್ತಿತ್ತು. "ಸರ್, ನೀವು ಇದನ್ನ ಮೊದಲನೇ ದಿನವೇ ಹೇಳಿದ್ರೆ!" ಅಂದರು ಮೇಡಂ. ಬೈಗುಳವಾಗಿರಲಿಲ್ಲ, ಅದಕ್ಕೇ ಜಾಸ್ತಿ ನಾಟಿತು.

ವಿಮೆ ಕಚೇರಿಗೆ ತಿದ್ದುಪಡಿ ಕಾಗದ ನಾನೇ ತಗೊಂಡು ಹೋದೆ, ಮೂರು ಸಲ. ಮೂರನೇ ಸಲ ಕಾರ್ಡು ಸಮೇತ ಹೋದಮೇಲೆ ಒಪ್ಪಿದರು. ಅಷ್ಟರಲ್ಲಿ ಮ್ಯಾನೇಜರ್ ಗೇಟಿನಲ್ಲಿ ನೋಟೀಸು ಹಾಕಿಸಿದ್ದರು: ಇನ್ನು ಮುಂದೆ ಯಾರ ಬದಲಿಗೂ ಯಾರೂ ಕೂರುವಂತಿಲ್ಲ. ಹಳಬರ ಹೆಸರೆಲ್ಲ "ಬಿಟ್ಟವರು". ಓದಲು ಬರುವವರು ಓದಿ ಬರದವರಿಗೆ ಹೇಳಿದರು. ಟೈಮಣ್ಣ ಅಂತ ನಗುತ್ತಾ ಹೋಗುತ್ತಿದ್ದವರು ಎರಡು ವಾರ ಮುಖ ತಿರುಗಿಸಿಕೊಂಡು ಟೋಕನ್ ಎಸೆದು ಹೋದರು. "ಒಬ್ಬಳ ಬಾಣಂತನಕ್ಕೆ ಮೂವತ್ತು ಮನೆ ಸೀಟು ತೆಗೆದೆಯಲ್ಲಯ್ಯಾ" ಅಂದಳು ಸೂಪರ್‌ವೈಸರಮ್ಮ. "ನೀನೇ ತಾನೇ ದಾರಿ ಮಾಡು ಅಂದಿದ್ದು?" ಅಂದೆ. "ಇಂಥ ದಾರಿ ಅಂತ ಅಂದಿದ್ನಾ?" ಅಂದಳು.

ಹೆರಿಗೆ ರಜೆ ಫಾರಂ ತಯಾರಾದ ದಿನ ಬಸುರಿ ತನ್ನ ವಾರಗಿತ್ತಿಯನ್ನು ಜೊತೆಗೆ ಕರೆದುಕೊಂಡು ಬಂದಳು. ಕಿಟಕಿಯಲ್ಲಿ ಫಾರಂ ಕೊಟ್ಟೆ. ಅಕ್ಷರ ಕೂಡಿಸಿಕೊಂಡು ತನ್ನ ಹೆಸರು ಓದಿದಳು. ಆಮೇಲೆ ಅದರ ಕೆಳಗಿನ ಸಾಲಿಗೆ ಬಂದಳು.

"ಎಷ್ಟು ದಿನ ಅಂತಿದೆ ಅಣ್ಣಾ ಇದರಲ್ಲಿ?"

"ನಾನೂರ ಎಂಬತ್ತೇಳು. ವಿಮೆಯವರಿಗೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ."

"ಎಂಬತ್ತೆಂಟು. ಬಾಗಿಲ ಹಿಂದೆ ಗೀಟು ಎಳೆದಿದೀನಿ."

ನನಗೆ ರೇಗಿತು. ಗೆದ್ದಲು ತಿಂದ ಕಾರ್ಡು ತೆಗೆದು ತೋರಿಸಿದೆ. "ನೋಡು, ಈ ತಾರೀಖಿಂದ ನೀನು."

"ಅದರ ಹಿಂದಿನ ದಿನಾನೂ ಬಂದಿದ್ದೆ. ಅಕ್ಕ ಪಕ್ಕದಲ್ಲಿ ನಿಂತು ಹೇಳಿಕೊಡ್ತಿದ್ಲು, ಹೊಲ್ದದ್ದು ನಾನೇ."

"ನಿಂತಿದ್ನಾ? ಕಾಲರ್ ಮೂಲೆ ತಿರುಗಿಸಿದ್ದು ಯಾರೇ?" ಅಂದಳು ವಾರಗಿತ್ತಿ. "ಆ ದಿನ ನಂದು."

ಇಬ್ಬರೂ ಕಿಟಕಿ ಮುಂದೆಯೇ ಶುರುಮಾಡಿದರು. ಹಿಂದೆ ಸಾಲು ಬೆಳೆಯಿತು. ಕಂಪ್ಯೂಟರಿನಲ್ಲಿ ಒಂದು ದಿನಕ್ಕೆ ಒಂದು ಟೋಕನ್ನಿನಲ್ಲಿ ಇಬ್ಬರು ಇರುವಂತಿಲ್ಲ, ಬೀಗ ಬಿದ್ದಾಗಿದೆ, ಏನೂ ಮಾಡಲಾಗುವುದಿಲ್ಲ ಅಂತ ನಾನು ಕೂಗಿ ಹೇಳಬೇಕಾಯಿತು.

"ಇವಳು ವಾಪಸ್ ಬರೋ ತನಕ ನಾನು ಕೂತ್ಕೋತೀನಿ ಅಂತ ಬಂದೆ" ಅಂದಳು ವಾರಗಿತ್ತಿ. "ಆಗಲ್ವಂತೆ?"

"ಬದಲಿಗೆ ಆಗಲ್ಲಮ್ಮ. ಹೊಸದಾಗಿ ಸೇರ್ಬೋದು. ಮೂರು ತಿಂಗಳು ಕಲಿಯೋರ ಸಂಬಳ."

"ನಾನಾ ಕಲಿಯೋಳು? ಇವಳಿಗೆ ಕಲಿಸಿದ್ದು ನಾನೇ ಅಲ್ವಾ?"

ಅವಳು ಕಾರ್ಡು ಕೈಗೆ ತಗೊಂಡು ತಿರುಗಿಸಿ ಮಗುಚಿ ನೋಡಿದಳು. "ಸರಿ, ಹೊಸಬಳು ಅಂತಲೇ ಬರ್ಕೊಳ್ಳಿ. ಆ ಒಂದು ದಿನಾನಾದ್ರೂ ನನ್ನ ಹೆಸರಲ್ಲೇ ಇರ್ಲಿ ಬಿಡಿ ಅಣ್ಣಾ" ಅಂತ ವಾಪಸು ಕೊಟ್ಟಳು.

ನಾನು ಹೊಸಬರ ಅರ್ಜಿ ಫಾರಂ ತೆಗೆದು ಅವಳ ಹೆಸರು ಬರೆಯತೊಡಗಿದೆ.